ನೀರು ಹತ್ತು ಡಿಗ್ರಿಗೆ ಬಂದಾಗ



ಮುಂಗಾರಿಗೆ ಮುಂಚೆ ಒಂದೆರಡು ಹದ ಮಳೆ ಬಿದ್ದ ಸಂಜೆ ನಮ್ಮ ಊರುಗಳಲ್ಲಿ ಏನಾಗುತ್ತದೆಂದು ನಿಮಗೆಲ್ಲ ಗೊತ್ತು. ಹುತ್ತದ ಬಾಯಿಂದ ರೆಕ್ಕೆಯ ಗೆದ್ದಲು ದಂಡುದಂಡಾಗಿ ಏಳುತ್ತದೆ. ಈಸಲು ಎನ್ನುವವರುಂಟು, ಮಳೆಹುಳು ಎನ್ನುವವರುಂಟು. ದೀಪವಿದ್ದ ಕಡೆಗೆಲ್ಲ ಮುತ್ತುತ್ತದೆ. ಹಲ್ಲಿ, ಕಪ್ಪೆ, ಕೋಳಿಗಳಿಗೆ ಅಂದು ಹಬ್ಬ. ಹುರಿದು ತಿನ್ನುವ ಮನೆಗಳಲ್ಲಿ ಮನುಷ್ಯರಿಗೂ ಹಬ್ಬವೇ. ಬೆಳಗಾದರೆ ಜಗಲಿಯ ಮೇಲೆ ಬರೀ ರೆಕ್ಕೆ. ಅವು ಏಳುವ ದಿನವನ್ನು ಯಾವ ಪಂಚಾಂಗವೂ ಹೇಳುವುದಿಲ್ಲ. ಆದರೆ ಮಳೆಯ ಹದ, ಮಣ್ಣಿನ ವಾಸನೆ, ಗಾಳಿಯ ಸೆಕೆ ನೋಡಿ "ಇವತ್ತು ಏಳ್ತವೆ ನೋಡು" ಎನ್ನುವ ಹಿರಿಯರು ಹಳ್ಳಿಗೊಬ್ಬರಾದರೂ ಇರುತ್ತಾರೆ.

ಚಳಿದೇಶದ ಹೊಳೆಗಳಲ್ಲಿ ಇಂಥದೇ ಏಳುವಿಕೆ ನೀರಿನೊಳಗಿಂದ ನಡೆಯುತ್ತದೆ. ಅಲ್ಲಿ ಕಾದು ಕುಳಿತಿರುವುದು ಹಲ್ಲಿಯಲ್ಲ, ಟ್ರೌಟ್ ಎಂಬ ಮೀನು. ಆ ಮೀನನ್ನು ಕಾದು ಕುಳಿತಿರುವುದು ಮನುಷ್ಯ. ಇಂದಿನ ಮಾತು ಈ ಮೂವರ ಬಗ್ಗೆ, ಅದರಲ್ಲೂ ಚಳಿಗಾಲ ಮುಗಿದು ವಸಂತ ಇನ್ನೂ ಕಾಲೂರದ ಏಪ್ರಿಲ್ ತಿಂಗಳ ಬಗ್ಗೆ.

ಮೊದಲು ಗಾಳದ ವಿಷಯ. ನಮ್ಮಲ್ಲಿ ಗಾಳ ಎಂದರೆ ಎರೆಹುಳು, ಬೆಂಡು, ಒಂದು ಬಿದಿರ ಕೋಲು. ಅಷ್ಟು ಸಾಕು. ನೊಣದ ಗಾಳ ಬೇರೆಯೇ ಜಾತಿ. ಕೊಕ್ಕೆಗೆ ಹಕ್ಕಿಯ ಗರಿ, ಪ್ರಾಣಿಯ ತುಪ್ಪಳ, ರೇಷ್ಮೆ ದಾರ ಸುತ್ತಿ ಒಂದು ಹುಸಿ ನೊಣವನ್ನು ಕಟ್ಟುತ್ತಾರೆ. ಅದಕ್ಕೆ ತೂಕವೇ ಇಲ್ಲ. ಎಸೆದರೆ ಮಾರು ದೂರವೂ ಹೋಗದು. ಆದ್ದರಿಂದ ದಾರಕ್ಕೇ ತೂಕ ಕೊಟ್ಟು, ಕೋಲನ್ನು ಹಿಂದೆ ಮುಂದೆ ಬೀಸಿ, ದಾರವನ್ನು ಗಾಳಿಯಲ್ಲಿ ಬಿಚ್ಚಿ, ಅದರ ತುದಿಯಲ್ಲಿ ನೊಣವನ್ನು ನೀರಿನ ಮೇಲೆ ಹೂವಿನಂತೆ ಇಳಿಸಬೇಕು. ಮೀನಿಗೆ ಅದು ನಿಜವಾದ ಹುಳು ಎನ್ನಿಸಬೇಕು. ಹಾಗೆ ಅನ್ನಿಸಬೇಕಾದರೆ ಅಂದು, ಆ ಹೊತ್ತಿನಲ್ಲಿ, ಆ ಹೊಳೆಯಲ್ಲಿ ಯಾವ ಹುಳು ಏಳುತ್ತಿದೆ ಎಂಬುದು ಮನುಷ್ಯನಿಗೆ ತಿಳಿದಿರಬೇಕು. ಮೀನು ಹಿಡಿಯುವ ಈ ಆಟ ಕೀಟಶಾಸ್ತ್ರದ ಕಡೆಗೆ ತಿರುಗಿದ್ದು ಹೀಗೆ.

ಇದೆಲ್ಲ ದೊರೆಗಳ ಶೋಕಿ, ನಮಗೇನು ಎಂದು ಕೇಳುವವರಿಗೆ ಒಂದು ಸಂಗತಿ. ಭಾರತದಲ್ಲಿ ಗಾಳ ಹಾಕುವ ಬಗ್ಗೆ ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' ಎಂಬ ಹೆಸರುವಾಸಿ ಪುಸ್ತಕ 1873ರಲ್ಲಿ ಮೊದಲು ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಮಂಗಳೂರಿನಲ್ಲಿ. ಥಾಮಸ್ ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದವರು. ಆದರೆ ಅವರ ಮೆಚ್ಚಿನ ಮೀನು ಟ್ರೌಟ್ ಅಲ್ಲ, ನಮ್ಮ ಮಹಶೀರ್. ಟ್ರೌಟಿಗೆ ತಣ್ಣನೆಯ ನೀರು ಬೇಕು. ಬ್ರಿಟಿಷರು ಅದನ್ನು ಕಾಶ್ಮೀರಕ್ಕೂ ನೀಲಗಿರಿಯ ಎತ್ತರದ ತೊರೆಗಳಿಗೂ ತಂದು ಬಿಟ್ಟರು.

ಈಗ ಏಪ್ರಿಲ್ ತಿಂಗಳ ಒಂದು ಹೊಳೆಗೆ ಹೋಗೋಣ. ನ್ಯೂಯಾರ್ಕ್ ನಗರದಿಂದ ವಾಯವ್ಯಕ್ಕೆ ಸುಮಾರು 200 ಕಿಲೋಮೀಟರ್ ಹೋದರೆ ಕ್ಯಾಟ್‌ಸ್ಕಿಲ್ ಬೆಟ್ಟಗಳು. ಅಲ್ಲಿ ರಾಸ್ಕೋ ಎಂಬ ಸಣ್ಣ ಊರು. ಅದರ ಅಂಚಿನಲ್ಲಿ ಬೀವರ್‌ಕಿಲ್ ಮತ್ತು ವಿಲ್ಲೊವೀಮಾಕ್ ಎಂಬ ಎರಡು ಹೊಳೆಗಳು ಕೂಡುತ್ತವೆ. ಆ ಸಂಗಮದ ಮಡುವಿಗೆ ಜಂಕ್ಷನ್ ಪೂಲ್ ಎಂದು ಹೆಸರು. 'ಕಿಲ್' ಎಂದರೆ ಇಂಗ್ಲಿಷಿನ ಕೊಲ್ಲುವುದಲ್ಲ. 17ನೇ ಶತಮಾನದಲ್ಲಿ ಅಲ್ಲಿ ನೆಲೆಸಿದ ಡಚ್ಚರ ಮಾತಿನಲ್ಲಿ ಹಳ್ಳ ಎಂದರ್ಥ. ಅಮೆರಿಕದ ನೊಣದ ಗಾಳದ ತವರು ಇದೇ ಎಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲು ಕಾರಣವೂ ಇದೆ.

ಏಪ್ರಿಲ್ 1 ಅಲ್ಲಿ ಗಾಳದ ಋತು ಶುರುವಾಗುವ ದಿನ. ಆದರೆ ಹೊಳೆಗೆ ಆ ತಾರೀಖು ಗೊತ್ತಿರುವುದಿಲ್ಲ! ಬೆಟ್ಟದ ಉತ್ತರ ಮಗ್ಗುಲಲ್ಲಿ ಹಿಮ ಇನ್ನೂ ಉಳಿದಿರುತ್ತದೆ. ನೀರಿನ ತಾಪ 4 ಅಥವಾ 5 ಡಿಗ್ರಿ ಸೆಲ್ಸಿಯಸ್. ಮೀನು ಶೀತರಕ್ತದ ಪ್ರಾಣಿ. ನೀರು ತಣ್ಣಗಿದ್ದರೆ ಅದರ ಮೈಯೊಳಗಿನ ಒಲೆಯೂ ತಣ್ಣಗೆ. ಹಸಿವು ಕಡಿಮೆ, ಓಡಾಟ ಕಡಿಮೆ. ಹೊಳೆಯ ತಳದಲ್ಲಿ, ಸೆಳವು ಕಮ್ಮಿಯಿರುವ ಕಡೆ ಕಲ್ಲಿನ ಮರೆ ಹಿಡಿದು ನಿಂತಿರುತ್ತದೆ. ಮೂತಿಯ ಮುಂದೆಯೇ ಏನಾದರೂ ತೇಲಿ ಬಂದರೆ ಬಾಯಿ ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ.

ಇಲ್ಲಿ ಹೊಸಬರು ಮೋಸಹೋಗುವ ಒಂದು ವಿಚಿತ್ರವಿದೆ. ಏಪ್ರಿಲ್ ಮೊದಲ ವಾರ ಚೆನ್ನಾಗಿ ಬಿಸಿಲು ಬಿತ್ತೆನ್ನಿ. ನಗರದಲ್ಲಿ ಕುಳಿತವರು, ಇವತ್ತು ಹೊಳೆ ಬೆಚ್ಚಗಾಗಿರುತ್ತದೆ ಎಂದು ಕಾರು ಹತ್ತುತ್ತಾರೆ. ಹೋಗಿ ನೋಡಿದರೆ ನೀರು ನಿನ್ನೆಗಿಂತ ತಣ್ಣಗೆ, ನಿನ್ನೆಗಿಂತ ಹೆಚ್ಚು, ಮೇಲಾಗಿ ಕದಡಿರುತ್ತದೆ. ಬಿಸಿಲಿಗೆ ಬೆಟ್ಟದ ಹಿಮ ಕರಗಿ ಹೊಳೆಗಿಳಿದಿರುತ್ತದೆ. ಹಿಮವೆಲ್ಲ ಇಳಿದು ಮುಗಿಯುವ ತನಕ ಬಿಸಿಲಿನ ಲಾಭ ಹೊಳೆಗೆ ಸಿಗುವುದಿಲ್ಲ.

ಹಾಗೆಂದು ನೀರಿನೊಳಗೆ ಎಲ್ಲ ಸ್ತಬ್ಧವಾಗಿದೆಯೆಂದಲ್ಲ. ಹೊಳೆಯ ಒಂದು ಕಲ್ಲನ್ನು ಮಗುಚಿ ನೋಡಿದರೆ ಅಡಿಯಲ್ಲಿ ಚಪ್ಪಟೆಯಾದ, ಸಣ್ಣ, ಕಂದುಬಣ್ಣದ ಹುಳುಗಳು ಅತ್ತಿತ್ತ ಓಡುತ್ತವೆ. ಇವು ಮೇಫ್ಲೈ ಎಂಬ ಕೀಟದ ಮರಿಗಳು. ಮೇಫ್ಲೈ ಭೂಮಿಯ ಮೇಲೆ 30 ಕೋಟಿ ವರ್ಷಗಳಷ್ಟು ಹಳೆಯ ಮನೆತನ. ಅದರ ಶಾಸ್ತ್ರೀಯ ಹೆಸರು ಬಂದಿರುವುದು 'ಒಂದೇ ದಿನದ್ದು' ಎಂಬ ಅರ್ಥದ ಗ್ರೀಕ್ ಪದದಿಂದ. ಅರಿಸ್ಟಾಟಲ್ ಕೂಡ ಒಂದು ದಿನ ಬದುಕುವ ಈ ಹೊಳೆಯ ಹುಳುವಿನ ಬಗ್ಗೆ ಬರೆದಿದ್ದಾನೆ. ಆದರೆ ಹೆಸರು ಪೂರ್ತಿ ನ್ಯಾಯವಾದದ್ದಲ್ಲ. ಕ್ಯಾಟ್‌ಸ್ಕಿಲ್‌ನ ಈ ವಸಂತದ ಮೇಫ್ಲೈಗಳ ಆಯುಸ್ಸು ಸುಮಾರು ಒಂದು ವರ್ಷ. ಅದರಲ್ಲಿ ಒಂದೆರಡು ದಿನ ಬಿಟ್ಟು ಉಳಿದದ್ದೆಲ್ಲ ನೀರಿನಡಿ ಕಲ್ಲಿನ ಸಂದಿಯಲ್ಲಿ ಕಳೆಯುತ್ತದೆ. ನಾವು ನೋಡುವುದು ಆ ಕೊನೆಯ ಒಂದೆರಡು ದಿನವನ್ನು ಮಾತ್ರ.

ಆ ಕೊನೆಯ ದಿನಗಳ ಕಥೆ ಸ್ವಾರಸ್ಯವಾಗಿದೆ. ಮರಿ ನೀರಿನಡಿಯಿಂದ ಮೇಲೇಳುತ್ತದೆ, ಚರ್ಮ ಸೀಳಿ ರೆಕ್ಕೆಯ ಹುಳು ಹೊರಬರುತ್ತದೆ, ರೆಕ್ಕೆ ಒಣಗುವ ತನಕ ಪುಟ್ಟ ಹಾಯಿದೋಣಿಯಂತೆ ನೀರ ಮೇಲೆ ತೇಲುತ್ತದೆ. ಆಗ ರೆಕ್ಕೆ ಮಂಕು ಬೂದಿಬಣ್ಣ. ಗಾಳದವರು ಇದನ್ನು 'ಡನ್' ಎನ್ನುತ್ತಾರೆ. ಹಾರಿಹೋಗಿ ದಡದ ಗಿಡದಲ್ಲಿ ಕುಳಿತು ಅದು ಇನ್ನೊಮ್ಮೆ ಪೊರೆ ಬಿಡುತ್ತದೆ. ಈಗ ರೆಕ್ಕೆ ಗಾಜಿನಂತೆ ಹೊಳೆಯುತ್ತದೆ. ರೆಕ್ಕೆ ಬಂದ ಮೇಲೂ ಪೊರೆ ಕಳಚುವ ಕೀಟ ಇಂದಿನ ಲೋಕದಲ್ಲಿ ಇದೊಂದೇ. ಈ ಎರಡನೆಯ ರೂಪಕ್ಕೆ 'ಸ್ಪಿನ್ನರ್' ಎಂದು ಹೆಸರು. ತಿನ್ನಲು ಅದಕ್ಕೆ ಕೆಲಸಕ್ಕೆ ಬರುವ ಬಾಯಿಯಿಲ್ಲ. ಕೂಡಿ, ಮೊಟ್ಟೆಯಿಟ್ಟು, ನೀರಿನ ಮೇಲೆ ರೆಕ್ಕೆ ಚಾಚಿ ಬಿದ್ದು ಸಾಯುತ್ತದೆ.

ಒಂದೆರಡು ದಿನದಲ್ಲಿ ಇಷ್ಟೆಲ್ಲ ಮುಗಿಯಬೇಕಾದರೆ ಗಂಡು ಹೆಣ್ಣು ಒಟ್ಟಿಗೇ ಏಳಬೇಕು. ಒಂದು ಇಂದು, ಇನ್ನೊಂದು ಮುಂದಿನ ವಾರ ಎದ್ದರೆ ವಂಶವೇ ಇಲ್ಲ. ಸಾವಿರಾರು ಒಟ್ಟಿಗೆ ಎದ್ದರೆ ಇನ್ನೊಂದು ಅನುಕೂಲವೂ ಇದೆ: ಮೀನು, ಹಕ್ಕಿಗಳು ಎಷ್ಟು ತಿಂದರೂ ಉಳಿಯುವಷ್ಟು ಉಳಿಯುತ್ತವೆ. ಹಾಗಾದರೆ ಒಟ್ಟಿಗೇ ಏಳಲು ಗಂಟೆ ಬಾರಿಸುವವರು ಯಾರು? ಬಹುಮಟ್ಟಿಗೆ ನೀರಿನ ತಾಪವೇ. ದಿನದಿನದ ಬಿಸಿ ಮರಿಯ ಮೈಯಲ್ಲಿ ಜಮೆಯಾಗುತ್ತ ಹೋಗುತ್ತದೆ. ಲೆಕ್ಕ ತುಂಬಿದಾಗ ಅದು ಏಳುತ್ತದೆ. ಬೆಚ್ಚಗಿನ ವರ್ಷ ಬೇಗ, ಚಳಿಯ ವರ್ಷ ತಡ.

ಕ್ಯಾಟ್‌ಸ್ಕಿಲ್‌ನ ಗಾಳದವರು ಅಂಗಿಯ ಜೇಬಿನಲ್ಲಿ ಥರ್ಮಾಮೀಟರ್ ಇಟ್ಟುಕೊಳ್ಳುವುದು ಇದಕ್ಕೇ. ನೀರು ಸತತ ಕೆಲವು ದಿನ ಮಧ್ಯಾಹ್ನದ ಹೊತ್ತು 10 ಡಿಗ್ರಿ ಮುಟ್ಟಿದರೆ ವರ್ಷದ ಮೊದಲ ದೊಡ್ಡ ಮೇಫ್ಲೈ ಏಳುತ್ತದೆ. ಅದರ ಹೆಸರು ಕ್ವಿಲ್ ಗಾರ್ಡನ್. ಸಾಮಾನ್ಯವಾಗಿ ಇದು ಏಪ್ರಿಲ್ ನಡುವಿನಿಂದ ಕೊನೆಯೊಳಗೆ. ರಭಸದ, ಶುದ್ಧ ನೀರಿನಲ್ಲೇ ಬಾಳುವ ಹುಳು. ಹೊಳೆಯ ತಳದಲ್ಲೇ ಪೊರೆ ಬಿಟ್ಟು, ರೆಕ್ಕೆ ಸಮೇತ ನೀರನ್ನು ಸೀಳಿಕೊಂಡು ಮೇಲೆ ಬರುವುದು ಇದರ ವೈಶಿಷ್ಟ್ಯ. ಏಪ್ರಿಲ್ ಕೊನೆಯ ವಾರಕ್ಕೆ ಹೆಂಡ್ರಿಕ್ಸನ್. ದಡದಲ್ಲಿ ಫೋರ್ಸಿಥಿಯಾ ಪೊದೆ ಹಳದಿ ಹೂ ಬಿಟ್ಟಿತೆಂದರೆ ಹೆಂಡ್ರಿಕ್ಸನ್ ಹತ್ತಿರ ಬಂತೆಂದು ಲೆಕ್ಕ. ನಮ್ಮ ರೈತರು ಹೊಂಗೆ ಚಿಗುರಿದ್ದು, ಕಕ್ಕೆ ಹೂಬಿಟ್ಟದ್ದು ನೋಡಿ ಮಳೆಯ ಮಾತಾಡುವ ಹಾಗೆ.

ಏಳುವ ಹೊತ್ತೂ ಗೊತ್ತಾದದ್ದೇ. ಜೂನಿನಲ್ಲಿ ಹುಳು ಸಂಜೆ ಏಳುತ್ತದೆ. ಏಪ್ರಿಲಿನಲ್ಲಿ ಮಧ್ಯಾಹ್ನ ಎರಡರ ಆಸುಪಾಸು, ದಿನದ ಅತಿ ಬೆಚ್ಚನೆಯ ಗಳಿಗೆಯಲ್ಲಿ. ಹಾಗಾಗಿ ಬೆಳಗಿನ ಜಾವ ಎದ್ದು ಹೊಳೆಗೆ ಓಡುವ ಶ್ರದ್ಧಾವಂತನಿಗೆ ಈ ತಿಂಗಳು ಚಳಿ ಬಿಟ್ಟು ಬೇರೇನೂ ದಕ್ಕುವುದಿಲ್ಲ. ನಿಧಾನವಾಗಿ ತಿಂಡಿ ಮುಗಿಸಿ ಬಂದ ಸೋಮಾರಿಗೇ ಲಾಭ. ಇನ್ನೂ ಒಂದು ಮಾತು. ಮೋಡ ಕವಿದು ಜಿಟಿಜಿಟಿ ಹನಿಯುವ ಮಧ್ಯಾಹ್ನವೇ ಎಲ್ಲಕ್ಕಿಂತ ಒಳ್ಳೆಯದು. ತೇವದ ಗಾಳಿಯಲ್ಲಿ ರೆಕ್ಕೆ ಬೇಗ ಒಣಗುವುದಿಲ್ಲ, ಹುಳು ಹೆಚ್ಚು ಹೊತ್ತು ನೀರ ಮೇಲೆ ತೇಲುತ್ತದೆ, ಮೀನು ಧೈರ್ಯವಾಗಿ ಮೇಲೆ ಬರುತ್ತದೆ. ಅಷ್ಟು ಹೊತ್ತು ಬರಿದಾಗಿದ್ದ ಮಡುವಿನ ಮೇಲೆ ಒಂದು ಉಂಗುರ ಮೂಡುತ್ತದೆ, ಆಮೇಲೆ ಇನ್ನೊಂದು. ಒಂದೂವರೆ ಗಂಟೆಯಲ್ಲಿ ಎಲ್ಲ ಮುಗಿದು ಹೊಳೆ ಮತ್ತೆ ಬರಿದು.

ಈ ಹುಳುಗಳಿಗೆ ಮನುಷ್ಯರ ಹೆಸರು ಹೇಗೆ ಬಂತು ಎಂದು ನೀವು ಕೇಳಬಹುದು. ಥಿಯೊಡೋರ್ ಗಾರ್ಡನ್ ಎಂಬಾತ 1854ರಲ್ಲಿ ಹುಟ್ಟಿದವನು. ಕಾಯಿಲೆಯ ಮನುಷ್ಯ, ಒಂಟಿ. ನೆವರ್‌ಸಿಂಕ್ ಎಂಬ ಹೊಳೆಯ ದಡದ ಮನೆಯಲ್ಲಿ ಹುಸಿ ನೊಣ ಕಟ್ಟಿ ಮಾರಿ, ಪತ್ರಿಕೆಗಳಿಗೆ ಬರೆದು ಬದುಕಿದ. ಆಗ ಇಂಗ್ಲೆಂಡಿನಲ್ಲಿ ಫ್ರೆಡರಿಕ್ ಹಾಲ್‌ಫರ್ಡ್ ಈ ವಿದ್ಯೆಯ ದೊಡ್ಡ ಆಚಾರ್ಯ. ಮುಳುಗದೆ ತೇಲುವ ನೊಣಗಳ ಬಗ್ಗೆ 1886ರಲ್ಲಿ ಆತ ಬರೆದ ಗ್ರಂಥ ಹೆಸರಾಗಿತ್ತು. ಗಾರ್ಡನ್ ಆತನಿಗೆ ಕಾಗದ ಬರೆದ. 1890ರ ಫೆಬ್ರವರಿಯಲ್ಲಿ ಉತ್ತರ ಬಂತು, ಜೊತೆಗೆ ಒಂದು ಕಟ್ಟು ನೊಣಗಳೂ ಬಂದವು. ಗಾರ್ಡನ್ ಅವನ್ನು ತನ್ನ ಹೊಳೆಗೆ ಹಿಡಿದು ನೋಡಿದ. ಹೊಂದಲಿಲ್ಲ. ಹೊಂದುವುದಾದರೂ ಹೇಗೆ? ದಕ್ಷಿಣ ಇಂಗ್ಲೆಂಡಿನ ಆ ಹೊಳೆಗಳು ಸುಣ್ಣಕಲ್ಲಿನ ಒರತೆಯಿಂದ ಹುಟ್ಟಿ ಚಳಿಗಾಲ ಬೇಸಗೆ ಎನ್ನದೆ ಸಮತಾಪದಲ್ಲಿ ಮೆಲ್ಲಗೆ ಹರಿಯುವಂಥವು. ಕ್ಯಾಟ್‌ಸ್ಕಿಲ್‌ನ ಹೊಳೆ ಬಂಡೆಗಳ ಮೇಲೆ ಧುಮುಕುವಂಥದು. ಹುಳುಗಳೂ ಬೇರೆ.

ಗುರುವಿನ ಮಾದರಿಯನ್ನು ಬದಿಗಿಟ್ಟು ಗಾರ್ಡನ್ ತನ್ನ ಹೊಳೆಯ ಕಲ್ಲುಗಳನ್ನೇ ಮಗುಚಿ ನೋಡತೊಡಗಿದ. ಹಾಗೆ ಹುಟ್ಟಿದ ನೊಣವೇ ಕ್ವಿಲ್ ಗಾರ್ಡನ್. ಅದರ ಮೈ ಯಾವುದರದು ಗೊತ್ತೆ? ನವಿಲುಗರಿಯ ಕಣ್ಣಿನ ಎಳೆಯದು. ಎಳೆಯ ಮೇಲಿನ ನವಿರನ್ನು ಸವರಿ ತೆಗೆದು ಕೊಕ್ಕೆಗೆ ಸುತ್ತಿದರೆ ಕಪ್ಪು ಬಿಳಿ ಪಟ್ಟೆಯ ಹುಳುವಿನ ಮೈ ಸಿದ್ಧ. ನಮ್ಮ ನಾಡಿನ ಹಕ್ಕಿಯ ಗರಿ, ಇಂಗ್ಲೆಂಡಿನ ವಿದ್ಯೆ, ಅಮೆರಿಕದ ಹೊಳೆ! ಮೊದಲು ಬಂದದ್ದು ಹುಸಿ ನೊಣದ ಹೆಸರು. ನಿಜವಾದ ಹುಳುವಿಗೆ ಅದೇ ಹೆಸರು ಅಂಟಿಕೊಂಡದ್ದು ಆಮೇಲೆ. ಹೆಂಡ್ರಿಕ್ಸನ್ನನ ಕಥೆಯೂ ಅದೇ. ಗಾರ್ಡನ್ನನಿಂದ ನೊಣ ಕಟ್ಟಲು ಕಲಿತ ರಾಯ್ ಸ್ಟೀನ್‌ರಾಡ್ ಎಂಬ ಅಂಚೆ ನೌಕರ 1916ರ ಸುಮಾರಿಗೆ ಆ ನೊಣವನ್ನು ಕಟ್ಟಿ, ಜೊತೆಗೆ ಗಾಳ ಹಾಕುತ್ತಿದ್ದ ಗೆಳೆಯನ ಹೆಸರಿಟ್ಟ.

ಆರ್ಟ್ ಫ್ಲಿಕ್ ಎಂಬ ಹೋಟೆಲಿನವನನ್ನೂ ನೆನೆಯಬೇಕು. ಸ್ಕೊಹೆರಿ ಹೊಳೆಯ ಹತ್ತಿರದ ಈತ ಮೂರು ವರ್ಷ ಗಾಳ ಹಾಕುವುದನ್ನು ಹೆಚ್ಚುಕಡಿಮೆ ಬದಿಗಿಟ್ಟು, ಯಾವ ಹುಳು ಯಾವ ದಿನ ಎದ್ದಿತು ಎಂದು ಬರೆದಿಡುತ್ತ ಹೋದ. 1947ರಲ್ಲಿ ಅದು ಜೇಬಿಗೆ ಹಿಡಿಸುವ ಪುಟ್ಟ ಪುಸ್ತಕವಾಗಿ ಬಂತು. ಅಂಚೆ ನೌಕರ, ಹೋಟೆಲಿನವನು, ಕ್ಷಯರೋಗಿ. ಇವರಲ್ಲಿ ಯಾರೂ ವಿಜ್ಞಾನಿಗಳಲ್ಲ. ಹೊಳೆಯ ದಿನಚರಿ ಬರೆದವರು ಮಾತ್ರ ಇವರೇ.

ಗಾರ್ಡನ್ 1915ರ ಮೇ 1ರಂದು ತೀರಿಕೊಂಡ. ಅವನಿದ್ದ ದಡ ಈಗ ಕಾಣುವುದಿಲ್ಲ. ನ್ಯೂಯಾರ್ಕ್ ನಗರಕ್ಕೆ ಕುಡಿಯುವ ನೀರು ಬೇಕಾಗಿತ್ತು. 20ನೇ ಶತಮಾನದಲ್ಲಿ ಕ್ಯಾಟ್‌ಸ್ಕಿಲ್‌ನ ಕಣಿವೆಗಳಿಗೆ ಒಂದೊಂದಾಗಿ ಅಣೆಕಟ್ಟು ಬಂದವು. 1950ರ ದಶಕದ ಆರಂಭದಲ್ಲಿ ನೆವರ್‌ಸಿಂಕ್ ಜಲಾಶಯ ತುಂಬಿದಾಗ, ಇಂಗ್ಲಿಷ್ ಕಿವಿಗೆ 'ಎಂದೂ ಮುಳುಗದು' ಎಂದು ಕೇಳುವ ಅದೇ ಹೆಸರಿನ ಹಳೆಯ ಊರು ಮುಳುಗಿತು. ಪಕ್ಕದ ಪೆಪಾಕ್ಟನ್ ಜಲಾಶಯಕ್ಕೆ ನಾಲ್ಕು ಹಳ್ಳಿಗಳು ಹೋದವು. ಒಂಬೈನೂರಕ್ಕೂ ಹೆಚ್ಚು ಜನ ಮನೆ ಬಿಟ್ಟು ಎದ್ದರು. ಗಾಳದವರ ಪುಸ್ತಕಗಳಲ್ಲಿ ಗಾರ್ಡನ್ನನ ಮಡುಗಳು ಮುಳುಗಿದ ದುಃಖ ಹಲವು ಪುಟ ಬರುತ್ತದೆ, ಆ ಜನರ ಮಾತು ಕೆಲವೇ ಸಾಲು. ಗಮನಿಸಬೇಕಾದ ಸಂಗತಿ ಇದು.

ಅಣೆಕಟ್ಟಿನ ಕೆಳಗೆ ಆದದ್ದು ಮತ್ತೊಂದು ಕಥೆ. ಜಲಾಶಯದ ತಳದ ನೀರು ಬೇಸಗೆಯಲ್ಲೂ ಕೊರೆಯುವಷ್ಟು ತಣ್ಣಗಿರುತ್ತದೆ. ಅದನ್ನು ಬಿಟ್ಟರೆ ಕೆಳಗಿನ ಹೊಳೆ ಟ್ರೌಟಿಗೆ ಹೇಳಿ ಮಾಡಿಸಿದಂತಾಗುತ್ತದೆ. ಹಿಂದೆ ಟ್ರೌಟ್ ತಾಳದಷ್ಟು ಬೆಚ್ಚಗಿದ್ದ ಡೆಲಾವೇರ್ ನದಿಯ ಮೇಲ್ಭಾಗ ಹೀಗೆಯೇ ಹೆಸರಾದ ಟ್ರೌಟ್ ಹೊಳೆಯಾಯಿತು. ಅಲ್ಲಿ ಹೆಂಡ್ರಿಕ್ಸನ್ ಬೀವರ್‌ಕಿಲ್‌ಗಿಂತ ತಡವಾಗಿ ಏಳುತ್ತದೆ. ಆದರೆ ತೂಬು ಮುಚ್ಚಿದರೆ ಅದೇ ಹೊಳೆ ಬತ್ತಿ ಕಲ್ಲು ಕಾಯುತ್ತದೆ. ತೂಬಿನ ಕೀಲಿ ಯಾರ ಕೈಯಲ್ಲಿರಬೇಕು ಎಂಬ ಜಗಳ ಬಹಳ ಕಾಲ ನಡೆದು, 1976ರಲ್ಲಿ ರಾಜ್ಯ ಸರ್ಕಾರ ಕಾನೂನು ಮಾಡಿ ನೀರು ಬಿಡಿಸುವ ಅಧಿಕಾರ ಪಡೆಯಿತು. ನಗರದ ಕೊಡ ಮತ್ತು ಹೊಳೆಯ ಮೀನಿನ ನಡುವಿನ ಆ ಚೌಕಾಸಿ ಮಾತ್ರ ಮುಗಿದಿಲ್ಲ.

ತಾಪದ ಲೆಕ್ಕಕ್ಕೆ ಹಳೆಯ ಚರಿತ್ರೆಯೂ ಇದೆ. 19ನೇ ಶತಮಾನದಲ್ಲಿ ಈ ಬೆಟ್ಟಗಳ ಹೆಮ್ಲಾಕ್ ಮರಗಳನ್ನು ತೊಗಟೆಗಾಗಿ ಕಡಿದುಹಾಕಿದರು. ತೊಗಟೆ ಬೇಕಾದದ್ದು ಚರ್ಮ ಹದಮಾಡುವ ಕಾರ್ಖಾನೆಗಳಿಗೆ. ಹೊಳೆಯ ನೆತ್ತಿಯ ನೆರಳು ಹೋಯಿತು, ಕಾರ್ಖಾನೆಯ ಹೊಲಸು ಬಂತು. ಅಲ್ಲಿಯ ಸ್ವಂತ ಮೀನಾದ ಬ್ರೂಕ್ ಟ್ರೌಟ್ ತಣ್ಣನೆಯ ನೆತ್ತಿಯ ತೊರೆಗಳಿಗೆ ಹಿಂದೆ ಸರಿಯಿತು. ಖಾಲಿಯಾದ ಜಾಗ ತುಂಬಿದ್ದು 1883ರಲ್ಲಿ ಜರ್ಮನಿಯಿಂದ ಮೊಟ್ಟೆಯ ರೂಪದಲ್ಲಿ ಬಂದ ಬ್ರೌನ್ ಟ್ರೌಟ್. ಅದು ತುಸು ಹೆಚ್ಚು ಬಿಸಿ ತಾಳುತ್ತದೆ. ತುಸು ಮಾತ್ರ. ನೀರು 20 ಡಿಗ್ರಿ ದಾಟಿದರೆ ಅದಕ್ಕೂ ಉಸಿರು ಕಟ್ಟತೊಡಗುತ್ತದೆ; ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ. ಅಂಥ ದಿನ ಗಾಳ ಹಾಕಬೇಡಿ ಎಂದು ಗಾಳದವರೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.

ಮೀನಿಗಿಂತ ಮೊದಲು ಹೊಳೆಯ ಕಾಯಿಲೆ ಹೇಳುವುದು ಹುಳು. ಕಲ್ಲಿದ್ದಲು ಸುಟ್ಟ ಹೊಗೆಯಿಂದ ಬಂದ ಆಮ್ಲಮಳೆಗೆ ನೆವರ್‌ಸಿಂಕ್‌ನ ನೆತ್ತಿಯ ತೊರೆಗಳು ಹುಳಿಯಾದವು. ಹುಳಿ ತಾಳದ ಮೇಫ್ಲೈಗಳು ಅಂಥ ತೊರೆಗಳಲ್ಲಿ ವಿರಳವಾದವು. 1990ರಲ್ಲಿ ಅಮೆರಿಕ ತನ್ನ ಶುದ್ಧವಾಯು ಕಾನೂನನ್ನು ಬಿಗಿಗೊಳಿಸಿದ ಮೇಲೆ ಮಳೆಯ ಗಂಧಕ ಇಳಿದಿದೆ. ತೊರೆಗಳು ಚೇತರಿಸಿಕೊಳ್ಳುತ್ತಿರುವುದು ಮಾತ್ರ ನಿಧಾನವಾಗಿ. ಈರೀ ಸರೋವರದ ಪಶ್ಚಿಮ ಭಾಗದಲ್ಲಿ 1953ರಲ್ಲಿ ತಳದ ನೀರಿನ ಆಮ್ಲಜನಕ ಬತ್ತಿ ಅಲ್ಲಿಯ ದೊಡ್ಡ ಮೇಫ್ಲೈ ಕುಸಿದುಹೋಯಿತು. ಮತ್ತೆ ಕಾಣಿಸಿಕೊಂಡದ್ದು 1990ರ ದಶಕದಲ್ಲಿ. ಆ ಹುಳು ಎದ್ದರೆ ಹವಾಮಾನ ಇಲಾಖೆಯ ರಾಡಾರಿನಲ್ಲಿ ಮಳೆಮೋಡದಂತೆ ಕಾಣುವಷ್ಟು ದಟ್ಟ. ಅದೇ ರಾಡಾರಿನ ಚಿತ್ರಗಳನ್ನು ಲೆಕ್ಕಹಾಕಿ ನೋಡಿದ ವಿಜ್ಞಾನಿಗಳು, 2010ರ ದಶಕದಲ್ಲಿ ಅದರ ಸಂಖ್ಯೆ ಮತ್ತೆ ಅರ್ಧಕ್ಕೂ ಹೆಚ್ಚು ಇಳಿಯಿತೆಂದು 2020ರಲ್ಲಿ ಪ್ರಕಟಿಸಿದರು.

ಇಂಗ್ಲೆಂಡಿನಲ್ಲಿ ಗಾಳದವರೇ ಹುಳು ಎಣಿಸುವ ಪದ್ಧತಿಯೊಂದು 2007ರಿಂದ ದೇಶದುದ್ದಕ್ಕೂ ಹಬ್ಬಿದೆ. ತಿಂಗಳಿಗೊಮ್ಮೆ ಹೊಳೆಗಿಳಿದು ಮೂರು ನಿಮಿಷ ಕಾಲಿನಿಂದ ಕಲ್ಲು ಕದಡುವುದು, ತೇಲಿಬಂದದ್ದನ್ನು ಬಲೆಯಲ್ಲಿ ಹಿಡಿದು ಬಿಳಿ ತಟ್ಟೆಗೆ ಸುರಿದು ಎಣಿಸುವುದು. ಕೆಲಸ ಇಷ್ಟೆ. 2013ರ ಜುಲೈನಲ್ಲಿ ಕೆನೆಟ್ ನದಿಯಲ್ಲಿ ಹೀಗೆ ಎಣಿಸಲು ಹೋದವರ ತಟ್ಟೆಯಲ್ಲಿ ಹುಳುಗಳೆಲ್ಲ ಸತ್ತು ಬಿದ್ದಿದ್ದವು. ಹುಡುಕಿದಾಗ ಸಿಕ್ಕಿದ್ದು ಕ್ಲೋರ್‌ಪೈರಿಫಾಸ್, ನಮ್ಮ ರೈತರೂ ಗೆದ್ದಲಿಗೆಂದು ಬಳಸುತ್ತ ಬಂದ ಅದೇ ಕೀಟನಾಶಕ. ಅದು ಒಳಚರಂಡಿಯ ಮೂಲಕ ನದಿ ಸೇರಿತ್ತು. ಸುಮಾರು 15 ಕಿಲೋಮೀಟರ್ ಉದ್ದಕ್ಕೆ ಹೊಳೆಯ ಹುಳುವೆಲ್ಲ ನಾಶವಾಗಿತ್ತು. ನೀರು ಮಾತ್ರ ನೋಡಲು ತಿಳಿಯಾಗಿಯೇ ಇತ್ತು. ತಟ್ಟೆ ಹಿಡಿದು ನಿಂತವರಿಲ್ಲದಿದ್ದರೆ ಅದು ಯಾರಿಗೂ ತಿಳಿಯುತ್ತಿರಲಿಲ್ಲ.

ಮತ್ತೆ ರಾಸ್ಕೋಗೆ ಬರೋಣ. 2022ರಿಂದ ನ್ಯೂಯಾರ್ಕ್ ರಾಜ್ಯದ ಹೊಳೆಗಳಲ್ಲಿ ಚಳಿಗಾಲದಲ್ಲೂ ಗಾಳ ಹಾಕಬಹುದು, ಹಿಡಿದ ಟ್ರೌಟನ್ನು ಅಲ್ಲೇ ಬಿಟ್ಟುಬಿಡಬೇಕು, ಅಷ್ಟೆ. ಹಾಗಾಗಿ ಏಪ್ರಿಲ್ 1ರ ಕಾಯುವಿಕೆಗೆ ಹಿಂದಿನ ಬೆಲೆಯಿಲ್ಲ. ಆದರೂ ಅಂದು ಬೆಳಿಗ್ಗೆ ಜಂಕ್ಷನ್ ಪೂಲಿನಲ್ಲಿ ಜನ ಸೇರುವುದು ತಪ್ಪಿಲ್ಲ. ಕೋಲಿನ ಬಳೆಗಳಲ್ಲಿ ದಾರದ ನೀರು ಹೆಪ್ಪುಗಟ್ಟುತ್ತದೆ, ಅದನ್ನು ಬಾಯಿಯ ಆವಿಯಿಂದ ಕರಗಿಸಬೇಕು. ಥರ್ಮಾಮೀಟರ್ 4 ಡಿಗ್ರಿ ತೋರಿಸುತ್ತದೆ. ಇಂದು ಏನೂ ಏಳುವುದಿಲ್ಲವೆಂದು ಬಂದವರಿಗೆಲ್ಲ ಗೊತ್ತು. ಬಲ್ಲವರು ಬಗ್ಗಿ ನೀರಿನಿಂದ ಒಂದು ಕಲ್ಲನ್ನೆತ್ತಿ ಅಡಿ ನೋಡುತ್ತಾರೆ. ಚಪ್ಪಟೆ ಮರಿಗಳ ಬೆನ್ನಿನ ಮೇಲೆ ಎರಡು ಪುಟ್ಟ ಚೀಲಗಳಿರುತ್ತವೆ. ಒಳಗೆ ಮಡಿಸಿಟ್ಟ ರೆಕ್ಕೆ. ಆ ಚೀಲ ಕಂದಾಗಿದ್ದರೆ ಇನ್ನೂ ದಿನಗಳಿವೆ, ಕಪ್ಪಾಗಿದ್ದರೆ ಇಂದೋ ನಾಳೆಯೋ. ಅದನ್ನು ನೋಡಿಕೊಂಡು, ಕಲ್ಲನ್ನು ಎತ್ತಿದ ಜಾಗದಲ್ಲೇ ಮೊದಲಿನಂತೆ ಮಗುಚಿಟ್ಟು, ಊರಿನೊಳಕ್ಕೆ ಕಾಫಿ ಕುಡಿಯಲು ಹೋಗುತ್ತಾರೆ.